ಲ್ಯಾಬ್‌ನಲ್ಲಿ ಉತ್ತರ ಬರುತ್ತದೆ. ಅದು ಸರಿಯೇ ಅಂತ ನೀವು ಕೆಲಸದಲ್ಲಿ ಹೇಗೆ ನೋಡುತ್ತೀರಿ?

ಲ್ಯಾಬ್_ಮೇಡಂ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೊದಲ ವರ್ಷದವರಿಗೆ ಗಣಿತ ಹೇಳಿಕೊಡುತ್ತೇನೆ. ವಿಟಿಯು 2022ರ ಸ್ಕೀಮ್ ಬಂದ ಮೇಲೆ ಗಣಿತಕ್ಕೂ ಲ್ಯಾಬ್ ಸೇರಿತು. ವಕ್ರರೇಖೆಗಳ ಗ್ರಾಫ್, ಜಾಕೋಬಿಯನ್, ಗಾಸ್-ಸೈಡೆಲ್, ರೇಲೀ ಪವರ್ ಮೆಥಡ್ ಎಲ್ಲವನ್ನೂ ಈಗ ಕಂಪ್ಯೂಟರ್‌ನಲ್ಲಿ ಮಾಡಿಸುತ್ತೇವೆ. ನಮ್ಮಲ್ಲಿ ಪೈಥಾನ್ ಬಳಸುತ್ತೇವೆ.

ಹೋದ ವಾರ ನಡೆದದ್ದನ್ನು ಹೇಳಿ ಪ್ರಶ್ನೆಗೆ ಬರುತ್ತೇನೆ. ಪವರ್ ಮೆಥಡ್ ಲ್ಯಾಬ್ ಇತ್ತು. ಒಂದು ವೆಕ್ಟರ್ ಹಿಡಿದು ಮ್ಯಾಟ್ರಿಕ್ಸ್‌ನಿಂದ ಮತ್ತೆ ಮತ್ತೆ ಗುಣಿಸುತ್ತಾ ಹೋಗುವ ವಿಧಾನ ಅದು. ಒಂದು ಚಿಕ್ಕ ಮ್ಯಾಟ್ರಿಕ್ಸ್ ಕೊಟ್ಟಿದ್ದೆ. ಮೊದಲ ಸಾಲು 2, 1. ಎರಡನೇ ಸಾಲು 1, 2. ಅತಿ ದೊಡ್ಡ ಐಗನ್‌ವ್ಯಾಲ್ಯೂ ಕಂಡುಹಿಡಿಯಬೇಕು. ಅಂದರೆ ಮ್ಯಾಟ್ರಿಕ್ಸ್‌ನಿಂದ ಗುಣಿಸಿದಾಗ ಯಾವ ವೆಕ್ಟರ್ ಬೇರೆ ಕಡೆ ತಿರುಗದೆ ಬರೀ ಇಷ್ಟು ಪಟ್ಟು ಆಗುತ್ತದೋ, ಆ ಪಟ್ಟು. ಮ್ಯಾನ್ಯುಯಲ್‌ನಲ್ಲಿ ಶುರುವಿನ ವೆಕ್ಟರ್ 1, 0 ಅಂತಿದೆ. ಒಬ್ಬ ಹುಡುಗ ಬೇರೆ ಏನಾದರೂ ಕೊಡೋಣ ಅಂತ 1, -1 ಕೊಟ್ಟ. ಪ್ರೋಗ್ರಾಂ ಎಲ್ಲೂ ತಪ್ಪು ತೋರಿಸಲಿಲ್ಲ. ಉತ್ತರ 1 ಅಂತ ಬಂತು. ಅವನು ರೆಕಾರ್ಡಿನಲ್ಲಿ ಅದನ್ನೇ ಬರೆದ. ನಾನು ಸಹಿ ಹಾಕಿದೆ.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಹೊಳೆಯಿತು. ಕರ್ಣದ ಸಂಖ್ಯೆಗಳ ಮೊತ್ತ 4. ಐಗನ್‌ವ್ಯಾಲ್ಯೂಗಳ ಮೊತ್ತವೂ 4 ಆಗಲೇಬೇಕು. ದೊಡ್ಡದೇ 1 ಆದರೆ ಎರಡೂ ಸೇರಿ 2ಕ್ಕಿಂತ ಜಾಸ್ತಿ ಆಗುವುದು ಹೇಗೆ? ಸರಿಯಾದ ಉತ್ತರ 3. ಅವನು ಕೊಟ್ಟ ವೆಕ್ಟರ್ ಚಿಕ್ಕ ಐಗನ್‌ವ್ಯಾಲ್ಯೂಗೆ ಸೇರಿದ್ದು. ಅದರಿಂದ ಹೊರಟರೆ ದೊಡ್ಡದು ಸಿಗುವುದೇ ಇಲ್ಲ.

ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ಲ. ಮಕ್ಕಳು ಕೋಡ್ ಟೈಪ್ ಮಾಡುತ್ತಾರೆ, ಔಟ್‌ಪುಟ್ ಅಂಟಿಸುತ್ತಾರೆ, ನಾವು ಸಹಿ ಹಾಕುತ್ತೇವೆ. ಇದೇ ಸಾಫ್ಟ್‌ವೇರ್ ಇಟ್ಟುಕೊಂಡು ಸಂಶೋಧನೆ ಮಾಡುವವರು, ಕಂಪನಿಗಳಲ್ಲಿ ಕೆಲಸ ಮಾಡುವವರು, ಶಾಲೆಯಲ್ಲಿ ಪಾಠ ಮಾಡುವವರು ಇಲ್ಲಿ ಇದ್ದೀರಿ. ನೀವು ದಿನಾ ಏನು ಮಾಡುತ್ತೀರಿ? ಬಂದ ಉತ್ತರವನ್ನು ನಂಬುವ ಮೊದಲು ಏನು ನೋಡುತ್ತೀರಿ? ದಯವಿಟ್ಟು ನಿಮ್ಮ ಕೆಲಸದ ಉದಾಹರಣೆಯನ್ನೇ ಹೇಳಿ. ನಾನು ಅದನ್ನು ಲ್ಯಾಬಿಗೆ ಒಯ್ಯುತ್ತೇನೆ.

ಕಂಟ್ರೋಲ್_ಲೂಪ್ · ಸೋಮವಾರ ರಾತ್ರಿ 10:25

ಮೇಡಂ, ನಾನು ಬೆಂಗಳೂರಿನಲ್ಲಿ ವಾಹನಗಳ ಕಂಟ್ರೋಲರ್ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ದಿನವಿಡೀ ಮ್ಯಾಟ್‌ಲ್ಯಾಬ್, ಸಿಮುಲಿಂಕ್. ಇಲ್ಲಿ ನಾವು ಸಿ ಕೋಡನ್ನು ಕೈಯಲ್ಲಿ ಬರೆಯುವುದು ಕಡಿಮೆ. ಮೋಟರ್, ಬ್ಯಾಟರಿ, ಬ್ರೇಕ್ ಇವುಗಳ ಸಮೀಕರಣಗಳನ್ನು ಚಿತ್ರದ ಹಾಗೆ ಬ್ಲಾಕ್‌ಗಳಲ್ಲಿ ಜೋಡಿಸುತ್ತೇವೆ. ಅದನ್ನು ಕಂಪ್ಯೂಟರ್‌ನಲ್ಲಿ ಓಡಿಸಿ ನೋಡುತ್ತೇವೆ. ಸರಿ ಕಂಡರೆ ಆ ಮಾಡೆಲ್‌ನಿಂದಲೇ ಕೋಡ್ ತೆಗೆಯುತ್ತೇವೆ. ಆಮೇಲೆ ನಿಜವಾದ ಕಂಟ್ರೋಲರ್ ಪೆಟ್ಟಿಗೆಗೆ ಹಾಕಿ, ಗಾಡಿಯ ಬದಲು ಒಂದು ಸಿಮುಲೇಟರ್ ಸಿಕ್ಕಿಸಿ ಮತ್ತೆ ಪರೀಕ್ಷೆ ಮಾಡುತ್ತೇವೆ. ಗಾಡಿಗೆ ಹೋಗುವುದು ಕೊನೆಗೆ.

ನನ್ನ ಮೊದಲ ಕೆಲಸದಲ್ಲಿ ಆದದ್ದು ಹೇಳುತ್ತೇನೆ. ಮೋಟರ್‌ನ ಕರೆಂಟ್ ಮಾಡೆಲ್ ಮಾಡಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅಚ್ಚುಕಟ್ಟಾಗಿ ಓಡುತ್ತಿತ್ತು. ಕಂಟ್ರೋಲರ್‌ಗೆ ಹಾಕುವ ಹಂತದಲ್ಲಿ ಕರೆಂಟ್ ಆಕಾಶಕ್ಕೆ ಹೋಯಿತು. ಎರಡು ದಿನ ಬ್ಲಾಕ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆ. ಎಲ್ಲವೂ ಸರಿಯಾಗಿತ್ತು. ತಪ್ಪಿದ್ದದ್ದು ಹೆಜ್ಜೆಯಲ್ಲಿ. ಲ್ಯಾಪ್‌ಟಾಪ್‌ನಲ್ಲಿದ್ದ ಸಾಲ್ವರ್, ಅಂದರೆ ಸಮೀಕರಣ ಬಿಡಿಸುವ ಪ್ರೋಗ್ರಾಂ, ತನಗೆ ಬೇಕಾದ ಹಾಗೆ ಸಮಯದ ಹೆಜ್ಜೆಯನ್ನು ಚಿಕ್ಕದು ಮಾಡಿಕೊಳ್ಳುತ್ತದೆ. ಕಂಟ್ರೋಲರ್‌ನಲ್ಲಿ ಹಾಗಿಲ್ಲ. ಅಲ್ಲಿ ಪ್ರತಿ 10 ಮಿಲಿಸೆಕೆಂಡಿಗೆ ಒಂದೇ ಸಲ ಲೆಕ್ಕ. ನನ್ನ ಸರ್ಕ್ಯೂಟ್‌ನ ಟೈಮ್ ಕಾನ್‌ಸ್ಟಂಟ್, ಅಂದರೆ ಕರೆಂಟ್ ಎಷ್ಟು ಬೇಗ ಬದಲಾಗುತ್ತದೆ ಅನ್ನುವ ಅಳತೆ, 2 ಮಿಲಿಸೆಕೆಂಡ್.

ಇದನ್ನು ಲ್ಯಾಬ್‌ನಲ್ಲಿ ಕೈಯಲ್ಲೇ ಮಾಡಿಸಬಹುದು. ಸಮಯವನ್ನು ಹೆಜ್ಜೆಗಳಾಗಿ ಒಡೆದು ಲೆಕ್ಕ ಮಾಡುವ ಆಯ್ಲರ್ ವಿಧಾನದಲ್ಲಿ ಪ್ರತಿ ಹೆಜ್ಜೆಗೂ ಹಳೆಯ ಬೆಲೆಯನ್ನು 1 - 10/2 ರಿಂದ ಗುಣಿಸಬೇಕು. ಅಂದರೆ -4. ಶುರು 1 ಇದ್ದರೆ ಮುಂದಿನದು -4, ಆಮೇಲೆ 16, ಆಮೇಲೆ -64. ನಿಜವಾದ ಕರೆಂಟ್ ಸದ್ದಿಲ್ಲದೆ ಸೊನ್ನೆಗೆ ಇಳಿಯುತ್ತದೆ. ಹೆಜ್ಜೆ 1 ಮಿಲಿಸೆಕೆಂಡ್ ಮಾಡಿದರೆ ಗುಣಕ ಅರ್ಧ ಆಗುತ್ತದೆ. ಆಗ ಲೆಕ್ಕವೂ ಸೊನ್ನೆಗೆ ಇಳಿಯುತ್ತದೆ. ಹೆಜ್ಜೆ 4 ಮಿಲಿಸೆಕೆಂಡ್ ದಾಟಿದರೆ ಕತೆ ಮುಗಿಯಿತು. ಸಮೀಕರಣ ಒಂದೇ, ಕೋಡ್ ಒಂದೇ. ಒಂದು ಸಂಖ್ಯೆ ಬದಲಾಯಿಸಿದರೆ ಉತ್ತರ ಉಲ್ಟಾ.

ಈಗ ನಾನು ಯಾವ ಮಾಡೆಲ್ ಕೈಗೆ ಬಂದರೂ ಮೊದಲು ಕೇಳುವುದು ಎರಡೇ. ಇದರಲ್ಲಿ ಅತಿ ಬೇಗ ಬದಲಾಗುವ ವಸ್ತು ಯಾವುದು? ಅತಿ ನಿಧಾನದ್ದು ಯಾವುದು? ಕರೆಂಟ್ ಮಿಲಿಸೆಕೆಂಡಿನಲ್ಲಿ ಬದಲಾಗುತ್ತದೆ, ಬ್ಯಾಟರಿಯ ಬಿಸಿ ನಿಮಿಷಗಳಲ್ಲಿ. ಎರಡೂ ಒಂದೇ ಮಾಡೆಲ್‌ನಲ್ಲಿದ್ದರೆ ಮಾಮೂಲಿ ಓಡಿಇ45 ಬಿಟ್ಟು ಓಡಿಇ15ಎಸ್ ಥರದ ಸಾಲ್ವರ್ ಹಿಡಿಯಬೇಕು. ಗಂಟೆಗಟ್ಟಲೆ ಓಡುತ್ತಿದ್ದದ್ದು ನಿಮಿಷಗಳಲ್ಲಿ ಮುಗಿಯುವುದನ್ನು ನಾನೇ ನೋಡಿದ್ದೇನೆ.

ಎರಡನೇ_ಸೆಮ್ · ಸೋಮವಾರ ರಾತ್ರಿ 10:51

ನಾನು ವಿದ್ಯಾರ್ಥಿ. ಇದ್ದದ್ದು ಹೇಳುತ್ತೇನೆ, ಬೈಯಬೇಡಿ. ನಮಗೆ ಲ್ಯಾಬ್‌ನಲ್ಲಿ ಉತ್ತರ ತಪ್ಪಾಗಬಹುದು ಅನ್ನುವ ಯೋಚನೆಯೇ ಬರುವುದಿಲ್ಲ. ಕೆಂಪು ಅಕ್ಷರದಲ್ಲಿ ಎರರ್ ಬಂದರೆ ತಪ್ಪು, ಬರದಿದ್ದರೆ ಸರಿ. ಈ 1, -4, 16 ನೋಡಿ ಈಗಷ್ಟೇ ನೋಟ್‌ಬುಕ್‌ನಲ್ಲಿ ಮಾಡಿದೆ. ಇಷ್ಟು ಸುಲಭ ಅಂತ ಯಾರೂ ಹೇಳಿರಲಿಲ್ಲ.

ಬಯೋಸ್ಟ್ಯಾಟ್ · ಮಂಗಳವಾರ ಬೆಳಿಗ್ಗೆ 7:15

ಔಷಧಗಳ ಕ್ಲಿನಿಕಲ್ ಟ್ರಯಲ್ ಡೇಟಾ ನೋಡುವುದು ನನ್ನ ಕೆಲಸ. ಬಳಸುವುದು ಸ್ಯಾಸ್ ಮತ್ತು ಆರ್ ಅನ್ನುವ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್. ನಮ್ಮಲ್ಲಿ ಒಂದು ಪದ್ಧತಿ ಇದೆ, ಮೇಡಂಗೆ ಉಪಯೋಗ ಆಗಬಹುದು. ಮುಖ್ಯವಾದ ಟೇಬಲ್ ಇದ್ದರೆ ಇಬ್ಬರು ಬೇರೆ ಬೇರೆ ಕೂತು ಪ್ರೋಗ್ರಾಂ ಬರೆಯುತ್ತಾರೆ. ಒಬ್ಬರ ಕೋಡನ್ನು ಇನ್ನೊಬ್ಬರು ನೋಡುವ ಹಾಗಿಲ್ಲ. ಕೊನೆಗೆ ಎರಡು ಟೇಬಲ್ ಪಕ್ಕ ಪಕ್ಕ ಇಟ್ಟು ಹೋಲಿಸುತ್ತೇವೆ. ಒಂದು ಅಂಕಿ ಬೇರೆ ಬಂದರೂ ಕೆಲಸ ನಿಲ್ಲುತ್ತದೆ. ಡಬಲ್ ಪ್ರೋಗ್ರಾಮಿಂಗ್ ಅನ್ನುತ್ತೇವೆ.

ಹೀಗೆ ಹೋಲಿಸುವಾಗ ಗೊತ್ತಾಗುವ ವಿಷಯ ಅಂದರೆ ಇಬ್ಬರೂ ಸರಿ ಇದ್ದು ಉತ್ತರ ಬೇರೆ ಆಗಬಹುದು. 2.5 ಅನ್ನು ಪೂರ್ಣ ಸಂಖ್ಯೆಗೆ ತನ್ನಿ ಅಂತ ಆರ್‌ಗೆ ಹೇಳಿದರೆ 2 ಕೊಡುತ್ತದೆ. ಸ್ಯಾಸ್ 3 ಕೊಡುತ್ತದೆ. ಪೈಥಾನ್ 2, ಎಕ್ಸೆಲ್ 3. ಸರಿಯಾಗಿ ಅರ್ಧಕ್ಕೆ ನಿಂತರೆ ಸಮ ಸಂಖ್ಯೆಯ ಕಡೆ ಹೋಗು ಅನ್ನುವುದು ಒಂದು ನಿಯಮ, ಮೇಲಕ್ಕೆ ಹೋಗು ಅನ್ನುವುದು ಇನ್ನೊಂದು.

ಕ್ವಾರ್ಟೈಲ್, ಅಂದರೆ ಡೇಟಾವನ್ನು ಏರಿಕೆ ಕ್ರಮದಲ್ಲಿಟ್ಟು ನಾಲ್ಕು ಸಮ ಭಾಗ ಮಾಡುವ ಗಡಿ, ಇನ್ನೂ ಮಜವಾಗಿದೆ. 1, 2, 3, 4 ಅನ್ನುವ ನಾಲ್ಕೇ ಸಂಖ್ಯೆ ತೆಗೆದುಕೊಳ್ಳಿ. ಮೊದಲ ಕ್ವಾರ್ಟೈಲ್ ಎಷ್ಟು? ಆರ್ ಸುಮ್ನೆ ಕೇಳಿದರೆ 1.75 ಅನ್ನುತ್ತದೆ. ಸ್ಯಾಸ್ 1.5 ಅನ್ನುತ್ತದೆ. ಮಿನಿಟ್ಯಾಬ್ 1.25 ಅನ್ನುತ್ತದೆ. ಮೂರೂ ಒಪ್ಪಿದ ವಿಧಾನಗಳೇ. ಆರ್‌ನಲ್ಲಿ ಕ್ವಾಂಟೈಲ್‌ಗೆ (ಇಂಥ ಗಡಿಗಳ ಲೆಕ್ಕಕ್ಕೆ) 9 ಬಗೆ ಇವೆ, ನೀವು ಹೇಳದಿದ್ದರೆ 7ನೆಯದನ್ನು ಹಿಡಿಯುತ್ತದೆ. ಯಾವ ಬಗೆ ಅಂತ ವರದಿಯಲ್ಲಿ ಬರೆಯದಿದ್ದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಸಾವಿರ ರೋಗಿಗಳ ಡೇಟಾದಲ್ಲಿ ಈ ವ್ಯತ್ಯಾಸ ಕಾಣದೇ ಹೋಗಬಹುದು. ಆದರೆ 12 ಜನರ ಗುಂಪಿನಲ್ಲಿ ಕಾಣುತ್ತದೆ. ಔಷಧದ ಮೊದಲ ಹಂತದ ಪರೀಕ್ಷೆಗಳು ಬಹಳ ಸಲ ಅಷ್ಟೇ ಚಿಕ್ಕವು.

ನಿಮ್ಮ ಲ್ಯಾಬ್‌ನಲ್ಲಿ ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬರು ಕೈಯಲ್ಲಿ ಮಾಡಲಿ, ಒಬ್ಬರು ಕೋಡ್‌ನಲ್ಲಿ. ಹೊಂದಿಕೆ ಆಗದಿದ್ದರೆ ಅದನ್ನೇ ರೆಕಾರ್ಡಿನಲ್ಲಿ ಬರೆಯಲಿ, ಅದಕ್ಕೆ ಅಂಕ ಕೊಡಿ.

ಹೈಸ್ಕೂಲ್_ಮೇಷ್ಟ್ರು · ಮಂಗಳವಾರ ಸಂಜೆ 6:05

ನಾನು ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕ. ನಿಮ್ಮೆಲ್ಲರ ಸಾಫ್ಟ್‌ವೇರ್ ಹೆಸರು ಕೇಳಿ ಗೊತ್ತು ಅಷ್ಟೇ. ನಮ್ಮದು ಪರದೆ ಮೇಲೆ ಆಕೃತಿ ಬರೆದು ಎಳೆದು ನೋಡುವ ಜಿಯೋಜೀಬ್ರಾ. ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಉಬುಂಟು ಮೇಲೆ ಮೊದಲು ಕಲಿತೆ. ಆಮೇಲೆ ಕೆಓಇಆರ್ ಅನ್ನುವ ಕರ್ನಾಟಕದ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಬೇರೆ ಶಿಕ್ಷಕರು ಹಾಕಿದ ಪಾಠಗಳನ್ನು ನೋಡಿ ಬೆಳೆದೆ. ಶಾಲೆಯಲ್ಲಿ ಕರೆಂಟ್ ಇದ್ದ ದಿನ ಪ್ರೊಜೆಕ್ಟರ್, ಇಲ್ಲದ ದಿನ ನನ್ನ ಫೋನ್.

ಒಂದು ದಿನ ತ್ರಿಭುಜದ ಮೂರು ಕೋನ ತೋರಿಸುತ್ತಿದ್ದೆ. ಮೂಲೆ ಹಿಡಿದು ಎಳೆದಂತೆ ಕೋನಗಳು ಬದಲಾಗುತ್ತವೆ. ಮಕ್ಕಳು ಮೂರನ್ನೂ ಕೂಡಿಸುತ್ತಾ ಇದ್ದರು. 180, 180, 180. ಇದ್ದಕ್ಕಿದ್ದಂತೆ ಒಬ್ಬಳು ಎದ್ದು ನಿಂತು ಹೇಳಿದಳು: ಸಾರ್, ಈಗ 179.99 ಬಂತು.

ತರಗತಿ ಸ್ತಬ್ಧ. ಪ್ರಮೇಯ ಸುಳ್ಳಾಯಿತಾ? ನಾನು ಅವತ್ತು ಮುಂದಿನ ಪಾಠ ಬಿಟ್ಟೆ. ಪರದೆ ಮೇಲೆ ಎರಡು ದಶಮಾಂಶ ಮಾತ್ರ ಕಾಣುತ್ತದೆ. ಪ್ರತಿ ಕೋನದಲ್ಲೂ ಸ್ವಲ್ಪ ಸ್ವಲ್ಪ ಕತ್ತರಿಸಿ ಹೋಗಿದೆ. ಮೂರು ಕಡೆ ಕತ್ತರಿಸಿದ ಚೂರು ಸೇರಿ 0.01 ಆಗಿದೆ. ಇದನ್ನು ಸಂತೆಯಲ್ಲಿ ಚಿಲ್ಲರೆ ಬಿಟ್ಟುಕೊಡುವ ಲೆಕ್ಕದಲ್ಲಿ ವಿವರಿಸಿದೆ. ದಶಮಾಂಶ ಜಾಸ್ತಿ ಮಾಡಿ ತೋರಿಸಿದೆ. ಆಗ ಆ ಹುಡುಗಿಯೇ ಕೇಳಿದಳು: ಹಾಗಾದರೆ ಎಷ್ಟು ದಶಮಾಂಶ ಇಟ್ಟರೂ ಕಂಪ್ಯೂಟರ್‌ನಿಂದ ಖಚಿತ ಹೇಳಲು ಆಗುವುದಿಲ್ಲ ಅಲ್ವಾ ಸಾರ್? ಅಲ್ಲಿಂದ ಸಾಧನೆಗೆ ಹೋದೆವು. ಸಮಾಂತರ ರೇಖೆ ಎಳೆದು, ಪರ್ಯಾಯ ಕೋನ ಹಿಡಿದು. ನನ್ನ ಹದಿನಾಲ್ಕು ವರ್ಷದ ಕೆಲಸದಲ್ಲಿ ಮಕ್ಕಳೇ ಕೇಳಿ ಸಾಧನೆ ಮಾಡಿಸಿಕೊಂಡದ್ದು ಅದೇ ಮೊದಲು.

ಕಂಟ್ರೋಲ್_ಲೂಪ್ · ಮಂಗಳವಾರ ಸಂಜೆ 6:40

ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನು ನಮ್ಮ ಕೆಲಸದಲ್ಲಿ ಎಷ್ಟೋ ಜನ ಕೇಳುವುದಿಲ್ಲ. ಕಂಟ್ರೋಲರ್‌ಗಳಲ್ಲಿ ಸಿಂಗಲ್ ಪ್ರಿಸಿಷನ್ ಇರುತ್ತದೆ, ಅಂದರೆ ಒಂದು ಸಂಖ್ಯೆಗೆ 32 ಬಿಟ್ ಜಾಗ ಮಾತ್ರ. ಪ್ರತಿ 10 ಮಿಲಿಸೆಕೆಂಡಿಗೆ ಸಮಯಕ್ಕೆ 0.01 ಸೇರಿಸುತ್ತಾ ಹೋಗುವ ಗಡಿಯಾರ ಬರೆದಿದ್ದೀರಿ ಅಂದುಕೊಳ್ಳಿ. ಅದು 262144 ಸೆಕೆಂಡ್ ಮುಟ್ಟಿದ ಮೇಲೆ ನಿಂತೇ ಬಿಡುತ್ತದೆ. ಅಷ್ಟು ದೊಡ್ಡ ಸಂಖ್ಯೆಯ ಪಕ್ಕದಲ್ಲಿ 0.01 ಅದಕ್ಕೆ ಕಾಣುವುದಿಲ್ಲ. ಮೂರು ದಿನ ಸತತ ಓಡುವ ಯಂತ್ರದಲ್ಲಿ ಇದು ಆಗುತ್ತದೆ. ಅರ್ಧ ಗಂಟೆಯ ಪರೀಕ್ಷೆಯಲ್ಲಿ ಆಗುವುದಿಲ್ಲ.

1991ರ ಫೆಬ್ರವರಿ 25ರಂದು ಸೌದಿಯ ದಹ್ರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಾಳಿ ಕ್ಷಿಪಣಿಯನ್ನು ತಡೆಯಲಿಲ್ಲ. 28 ಸೈನಿಕರು ಸತ್ತರು. ಅಲ್ಲೂ 0.1 ಸೆಕೆಂಡನ್ನು 24 ಬಿಟ್‌ನಲ್ಲಿ ಕತ್ತರಿಸಿ ಇಟ್ಟಿದ್ದರು. 100 ಗಂಟೆ ಸತತ ಓಡಿದಾಗ ತಪ್ಪು ಸುಮಾರು 0.34 ಸೆಕೆಂಡ್ ಆಗಿತ್ತು. ಆ ವೇಗದಲ್ಲಿ ಬರುವ ಕ್ಷಿಪಣಿ ಅಷ್ಟರಲ್ಲಿ ಅರ್ಧ ಕಿಲೋಮೀಟರ್‌ಗಿಂತ ಹೆಚ್ಚು ದಾಟಿರುತ್ತದೆ.

ಕಾಂಕ್ರೀಟ್_ಲೆಕ್ಕ · ಮಂಗಳವಾರ ರಾತ್ರಿ 9:30

ಸ್ಟ್ರಕ್ಚರಲ್ ಇಂಜಿನಿಯರ್. ಇಪ್ಪತ್ತು ವರ್ಷ ಆಯಿತು.

ನಮ್ಮ ಕಡೆಯ ಪಾಠ ನಾರ್ವೆಯ ಸ್ಲೈಪ್ನರ್ ಎ. ಸಮುದ್ರದಲ್ಲಿ ಅನಿಲ ತೆಗೆಯುವ ವೇದಿಕೆಗೆ ಕಾಂಕ್ರೀಟಿನ ದೊಡ್ಡ ಬುಡ ಕಟ್ಟಿದ್ದರು. 1991ರ ಆಗಸ್ಟ್ 23ರಂದು ಸ್ಟವಾಂಗರ್ ಹತ್ತಿರದ ಗಾಂಡ್ಸ್‌ಫ್ಯೂರ್‌ನಲ್ಲಿ ಪರೀಕ್ಷೆಗೆ ನೀರಿಗೆ ಇಳಿಸುವಾಗ ಒಳಗಿನ ಗೋಡೆ ಬಿರುಕುಬಿಟ್ಟು, ನೀರು ನುಗ್ಗಿ, ಇಡೀ ಬುಡ ಮುಳುಗಿತು. ತಳಕ್ಕೆ ಅಪ್ಪಳಿಸಿದಾಗ ಭೂಕಂಪಮಾಪಕದಲ್ಲಿ 3ರಷ್ಟು ದಾಖಲಾಯಿತು.

ವಿನ್ಯಾಸ ಮಾಡಿದ್ದು ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರ್‌ನಲ್ಲಿ. ಅದು ಕಟ್ಟಡವನ್ನು ಚಿಕ್ಕ ತುಂಡುಗಳ ಜಾಲರಿಯಾಗಿ ಒಡೆದು ಲೆಕ್ಕ ಮಾಡುತ್ತದೆ. ಸಾಫ್ಟ್‌ವೇರ್ ಹಾಳಾಗಿರಲಿಲ್ಲ. ಮೂರು ಕೋಶಗಳು ಸೇರುವ ಜಾಗದಲ್ಲಿ ಜಾಲರಿ ಒರಟಾಗಿತ್ತು. ಅದರಿಂದ ಶಿಯರ್ ಒತ್ತಡ (ಗೋಡೆಯನ್ನು ಕತ್ತರಿಸುವ ಹಾಗೆ ಸರಿಸುವ ಒತ್ತಡ) ಇರಬೇಕಾದ್ದಕ್ಕಿಂತ 47% ಕಡಿಮೆ ತೋರಿಸಿತು. ಆ ಸಂಖ್ಯೆ ನಂಬಿ ಕಬ್ಬಿಣ ಹಾಕಿದರು. ಆಮೇಲೆ ಎಚ್ಚರದಿಂದ ಮತ್ತೆ ಲೆಕ್ಕ ಮಾಡಿದಾಗ 62 ಮೀಟರ್ ಆಳದಲ್ಲಿ ಒಡೆಯುತ್ತದೆ ಅಂತ ಬಂತು. ನಿಜವಾಗಿ ಒಡೆದದ್ದು 65 ಮೀಟರ್‌ನಲ್ಲಿ.

ಈ 62 ಮತ್ತು 65 ನನ್ನ ತಲೆಯಿಂದ ಹೋಗುವುದಿಲ್ಲ. ಅಂದರೆ ಗಣಿತ ಇತ್ತು. ಸಾಧನವೂ ಇತ್ತು. ಕೇಳಿದ್ದರೆ ಅದು ಹೇಳುತ್ತಿತ್ತು.

ಅದಕ್ಕೇ ನನ್ನ ತಂಡದಲ್ಲಿ ಒಂದು ಕಟ್ಟಳೆ. ಮಾಡೆಲ್ ಓಡಿಸುವ ಮೊದಲು ಹಾಳೆಯಲ್ಲಿ ಪೆನ್ಸಿಲ್‌ನಿಂದ ಅಂದಾಜು ಬರೆಯಬೇಕು. ಬೀಮನ್ನು ಸರಳವಾಗಿ ಎರಡು ತುದಿಗೆ ಕೂರಿಸಿದ್ದು ಅಂತ ತಿಳಿದು ಮಧ್ಯದ ಬಾಗುವ ಮೊಮೆಂಟ್ ಎಷ್ಟು, ಅಷ್ಟೇ. ಎರಡು ನಿಮಿಷದ ಕೆಲಸ. ಆಮೇಲೆ ಜಾಲರಿಯನ್ನು ಅರ್ಧ ಮಾಡಿ ಮತ್ತೊಮ್ಮೆ ಓಡಿಸಬೇಕು. ಉತ್ತರ ಜಾಸ್ತಿ ಅಲುಗಾಡಿದರೆ ಇನ್ನೂ ಅರ್ಧ ಮಾಡಬೇಕು. ಹೊಸಬರು ಇದನ್ನು ಕಾಲಹರಣ ಅಂದುಕೊಳ್ಳುತ್ತಾರೆ. ಆರು ತಿಂಗಳಲ್ಲಿ ಅವರಿಗೇ ಒಂದು ತಪ್ಪು ಸಿಗುತ್ತದೆ. ಆಮೇಲೆ ನಾನು ಹೇಳಬೇಕಾಗುವುದಿಲ್ಲ.

ಬೀದಿ_ದೀಪ · ಮಂಗಳವಾರ ರಾತ್ರಿ 10:02

ಎಲ್ಲ ಸರಿ. ಆದರೆ ಕಾಲೇಜಿನಲ್ಲಿ ಪೈಥಾನ್ ಕಲಿತು ಬಂದವನಿಗೆ ಕೆಲಸದಲ್ಲಿ ಮ್ಯಾಟ್‌ಲ್ಯಾಬ್ ಗೊತ್ತಾ ಅಂತ ಕೇಳುತ್ತಾರೆ. ನನ್ನ ಇಂಟರ್‌ವ್ಯೂನಲ್ಲಿ ಹಾಗೇ ಆಯಿತು. ಮಕ್ಕಳಿಗೆ ಅದನ್ನೇ ಕಲಿಸಬಾರದಾ?

ಕಂಟ್ರೋಲ್_ಲೂಪ್ · ಮಂಗಳವಾರ ರಾತ್ರಿ 10:20

ನಮ್ಮ ಕ್ಷೇತ್ರದಲ್ಲಿ ಸಿಮುಲಿಂಕ್ ಬೇಕೇ ಬೇಕು, ಅದನ್ನು ಮುಚ್ಚಿಡುವುದಿಲ್ಲ. ಕೋಡ್ ತೆಗೆಯುವ ಸರಪಳಿ, ಸುರಕ್ಷತೆಯ ಐಎಸ್‌ಓ 26262 ಪ್ರಮಾಣಪತ್ರದ ಕಾಗದಪತ್ರ ಎಲ್ಲ ಅದರ ಸುತ್ತ ಕಟ್ಟಿದ್ದಾರೆ. ಆದರೆ ಲೈಸೆನ್ಸ್ ದುಬಾರಿ. ದೊಡ್ಡ ಕಚೇರಿಯಲ್ಲೂ ಇನ್ನೊಬ್ಬರು ಬಳಸುತ್ತಿರುವ ಟೂಲ್‌ಬಾಕ್ಸ್ ಲೈಸೆನ್ಸ್ ಬಿಡುವಾಗಲಿ ಅಂತ ಕಾಯುತ್ತಾ ಕೂತದ್ದಿದೆ. ಭಾಷೆ ಬಂದರೆ ಸಾಧನ ಹದಿನೈದು ದಿನದಲ್ಲಿ ಬರುತ್ತದೆ.

ಸಂಖ್ಯೆಯ_ಬೆನ್ನು · ಬುಧವಾರ ಮಧ್ಯಾಹ್ನ 1:10

ನಾನು ಧಾರವಾಡದವಳು. ಈಗ ಜರ್ಮನಿಯಲ್ಲಿ ಸಂಖ್ಯಾಸಿದ್ಧಾಂತದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ಮ್ಯಾಟ್‌ಲ್ಯಾಬ್ ಹುಟ್ಟಿದ್ದೇ ವಿದ್ಯಾರ್ಥಿಗಳಿಗಾಗಿ. 1970ರ ದಶಕದ ಕೊನೆಗೆ ಕ್ಲೀವ್ ಮೋಲರ್ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ಲಿನ್‌ಪ್ಯಾಕ್, ಐಸ್‌ಪ್ಯಾಕ್ ಅನ್ನುವ ಮ್ಯಾಟ್ರಿಕ್ಸ್ ಲೆಕ್ಕದ ಪ್ರೋಗ್ರಾಂ ಸಂಗ್ರಹಗಳನ್ನು ಬಳಸಲು ಮಕ್ಕಳು ಫೋರ್ಟ್ರಾನ್ ಬರೆಯುವ ಕಷ್ಟ ತಪ್ಪಲಿ ಅಂತ ಅದನ್ನು ಮಾಡಿದರು. ಕಂಪನಿ ಆದದ್ದು 1984ರಲ್ಲಿ. ಅದೇ ಥರದ ಉಚಿತ ಆಕ್ಟೇವ್ ಕೂಡ ಕೆಮಿಕಲ್ ಇಂಜಿನಿಯರಿಂಗ್ ಪಾಠಕ್ಕೆ ಜೊತೆಯಾಗಿ ಹುಟ್ಟಿತು. ಆಕ್ಟೇವ್ ಲೆವೆನ್‌ಸ್ಪೀಲ್ ಅನ್ನುವ ಪ್ರೊಫೆಸರ್ ಹೆಸರನ್ನೇ ಅದಕ್ಕೆ ಇಟ್ಟರು. ನಾನು ಬಿಎಸ್ಸಿಯಲ್ಲಿ ಕಲಿತದ್ದು ಸ್ಕೈಲ್ಯಾಬ್. ಐಐಟಿ ಬಾಂಬೆಯ ಫೋಸೀ ಯೋಜನೆಯವರು ಪಠ್ಯಪುಸ್ತಕಗಳ ಬಿಡಿಸಿದ ಲೆಕ್ಕಗಳನ್ನೆಲ್ಲ ವಿದ್ಯಾರ್ಥಿಗಳಿಂದಲೇ ಸ್ಕೈಲ್ಯಾಬ್ ಕೋಡ್ ಮಾಡಿಸಿ ಇಟ್ಟಿದ್ದಾರೆ. ಅದರಲ್ಲೇ ನಾನು ಕೈ ಪಳಗಿಸಿಕೊಂಡೆ. ಇವತ್ತು ಬಳಸುವುದು ಸೇಜ್ ಮತ್ತು ಪಾರಿ ಅನ್ನುವ ಗಣಿತದ ಸಾಫ್ಟ್‌ವೇರ್. ಯಾವುದೂ ವ್ಯರ್ಥ ಆಗಿಲ್ಲ.

ಈಗ ಸಂಶೋಧನೆಯ ಮಾತು. ನಾವು ಉತ್ತರಕ್ಕಾಗಿ ಕಂಪ್ಯೂಟರ್ ಬಳಸುವುದು ಕಡಿಮೆ. ಏನು ಕೇಳಬೇಕು ಅಂತ ಗೊತ್ತಾಗಲು ಬಳಸುತ್ತೇವೆ. ಮೆಕ್‌ಮಹನ್ ಅನ್ನುವವರು ಕೈಯಲ್ಲೇ 200ರವರೆಗೆ ವಿಭಜನೆಗಳ ಪಟ್ಟಿ ಮಾಡಿದ್ದರು. 200ನ್ನು ಎಷ್ಟು ಬಗೆಯಲ್ಲಿ ಮೊತ್ತವಾಗಿ ಒಡೆಯಬಹುದು ಅಂದರೆ 3972999029388. ಆ ಪಟ್ಟಿಯನ್ನು ದಿಟ್ಟಿಸಿ ನೋಡಿ ರಾಮಾನುಜನ್ ಒಂದು ಕಂಡರು. 4ಕ್ಕೆ 5. 9ಕ್ಕೆ 30. 14ಕ್ಕೆ 135. 19ಕ್ಕೆ 490. ಎಲ್ಲವೂ 5ರಿಂದ ಭಾಗವಾಗುತ್ತವೆ. ಆಮೇಲೆ ಸಾಧಿಸಿದರು. ಇವತ್ತು ಆ ಪಟ್ಟಿ ಪಾರಿಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ದಿಟ್ಟಿಸಿ ನೋಡುವ ಕೆಲಸ ಮಾತ್ರ ಇವತ್ತಿಗೂ ನಮ್ಮದೇ. ನಿಮ್ಮ ಮಕ್ಕಳಿಗೆ ಪಟ್ಟಿ ಕೊಟ್ಟು ಏನು ಕಾಣುತ್ತದೆ ಅಂತ ಕೇಳಿ ನೋಡಿ ಮೇಡಂ.

ಇಲ್ಲಿ ಎಲ್ಲರೂ ಸಾಫ್ಟ್‌ವೇರ್ ತಪ್ಪು ತೋರಿಸಿದ ಕತೆ ಹೇಳಿದಿರಿ. ನಾನು ಉಲ್ಟಾ ಹೇಳುತ್ತೇನೆ. ಸೈನ್ ಎಕ್ಸ್ ಬೈ ಎಕ್ಸ್ ಅನ್ನು 0ಯಿಂದ ಅನಂತದವರೆಗೆ ಇಂಟಿಗ್ರೇಟ್ ಮಾಡಿದರೆ ಪೈ ಬೈ 2. ಎಕ್ಸ್ ಬದಲು ಎಕ್ಸ್ ಬೈ 3 ಹಾಕಿದ ಅದೇ ರೂಪವನ್ನು ಇದಕ್ಕೆ ಗುಣಿಸಿ. ಮತ್ತೆ ಪೈ ಬೈ 2. ಹೀಗೆ 5, 7, 9, 11, 13 ಸೇರಿಸುತ್ತಾ ಹೋದರೂ ಪೈ ಬೈ 2. 15 ಸೇರಿಸಿದಾಗ ಪೈ ಬೈ 2ಕ್ಕಿಂತ ಒಂದು ಚೂರು ಕಡಿಮೆ ಬರುತ್ತದೆ. ವ್ಯತ್ಯಾಸ ಹತ್ತು ದಶಮಾಂಶದವರೆಗೆ ಕಾಣುವುದೇ ಇಲ್ಲ, 11ನೆಯದರಲ್ಲಿ ಕಾಣುತ್ತದೆ. ಮೊದಲ ಸಲ ನೋಡಿದಾಗ ಕತ್ತರಿಸಿದ ಚೂರು ಅಂತಲೇ ನಾನೂ ಅಂದುಕೊಂಡೆ. ಅಲ್ಲ. ಅದು ನಿಜ. 1/3, 1/5 ಹೀಗೆ 1/13ರವರೆಗೆ ಕೂಡಿಸಿದರೆ 1ಕ್ಕಿಂತ ಕಡಿಮೆ. 1/15 ಸೇರಿದರೆ 1 ದಾಟುತ್ತದೆ. ಅದೇ ಕಾರಣ. ಡೇವಿಡ್ ಬೋರ್‌ವೈನ್ ಮತ್ತು ಅವರ ಮಗ ಜೊನಾಥನ್ ಇದನ್ನು ತೋರಿಸಿಕೊಟ್ಟರು.

ಹಾಗಾಗಿ ಉತ್ತರ ವಿಚಿತ್ರ ಕಂಡಾಗ ಯಂತ್ರದ ತಪ್ಪು ಅಂತ ತಳ್ಳಿಬಿಡುವುದೂ ತಪ್ಪೇ.

ಕೊನೆಗೆ ನಿಮ್ಮ ಲ್ಯಾಬಿಗೆ ಒಂದು ಪ್ರಯೋಗ. ಭಾಸ್ಕರಾಚಾರ್ಯರು 1150ರ ಸುಮಾರಿಗೆ ಚಕ್ರವಾಳ ವಿಧಾನದಿಂದ ಬಿಡಿಸಿದ ಲೆಕ್ಕ. ಎಕ್ಸ್ ವರ್ಗದಿಂದ 61 ಸಲ ವೈ ವರ್ಗ ಕಳೆದರೆ 1 ಬರಬೇಕು. ಎಕ್ಸ್ 1766319049, ವೈ 226153980. ಒಂದು ಯಂತ್ರದಲ್ಲಿ ಆಕ್ಟೇವ್, ಇನ್ನೊಂದರಲ್ಲಿ ಪೈಥಾನ್ ಇಟ್ಟು ಎರಡರಲ್ಲೂ ಕಳೆದು ನೋಡಲಿ. ಏನು ಬರುತ್ತದೆ ಅಂತ ನಾನು ಹೇಳುವುದಿಲ್ಲ.

ಎರಡನೇ_ಸೆಮ್ · ಬುಧವಾರ ಮಧ್ಯಾಹ್ನ 1:48

ಮಾಡಿದೆ!! ಹೇಳಲಾ?

ಸಂಖ್ಯೆಯ_ಬೆನ್ನು · ಬುಧವಾರ ಮಧ್ಯಾಹ್ನ 1:50

ಬೇಡ. ಮೇಡಂ ತರಗತಿ ಮುಗಿಯಲಿ.

ಬಯೋಸ್ಟ್ಯಾಟ್ · ಬುಧವಾರ ರಾತ್ರಿ 8:20

ಯಂತ್ರವೇ ತಪ್ಪಿದ ಕತೆಯೂ ಒಂದಿದೆ. 1994ರಲ್ಲಿ ಥಾಮಸ್ ನೈಸ್ಲಿ ಅನ್ನುವ ಗಣಿತದ ಪ್ರೊಫೆಸರ್ ಅವಳಿ ಅವಿಭಾಜ್ಯಗಳ (3 ಮತ್ತು 5ರ ಹಾಗೆ 2ರ ಅಂತರದ ಜೋಡಿಗಳ) ವಿಲೋಮಗಳನ್ನು ಕೂಡಿಸುತ್ತಿದ್ದರು. ಲೆಕ್ಕ ಹೊಂದಲಿಲ್ಲ. ತಮ್ಮ ಕೋಡ್, ಕಂಪೈಲರ್ ಎಲ್ಲ ತಡಕಿ ಕೊನೆಗೆ ಪೆಂಟಿಯಂ ಚಿಪ್‌ನ ಭಾಗಾಕಾರವೇ ತಪ್ಪು ಅಂತ ಕಂಡುಹಿಡಿದರು. 4195835 ಅನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕು. ಆ ಚಿಪ್ 1.33374 ಕೊಡುತ್ತಿತ್ತು. ಮೇಲೆ ಹೇಳಿದ ಮೋಲರ್ ಅವರೇ ಆಮೇಲೆ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಪರಿಹಾರ ಮಾಡಲು ಕೈಜೋಡಿಸಿದರು. ಗಮನಿಸಿ, ನೈಸ್ಲಿ ಅದನ್ನು ಹಿಡಿದದ್ದು ಒಂದೇ ಲೆಕ್ಕವನ್ನು ಎರಡು ದಾರಿಯಲ್ಲಿ ಮಾಡುವ ಅಭ್ಯಾಸ ಇದ್ದದ್ದರಿಂದ.

ಲ್ಯಾಬ್_ಮೇಡಂ · ಮುಂದಿನ ಮಂಗಳವಾರ ರಾತ್ರಿ 9:15

ಎಲ್ಲರಿಗೂ ಮನಸಾರೆ ಧನ್ಯವಾದ. ಇವತ್ತು ಲ್ಯಾಬ್ ಆಯಿತು. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಮೊದಲು ಪವರ್ ಮೆಥಡ್ ರೆಕಾರ್ಡ್ ವಾಪಸ್ ತಂದು ಆ ಹುಡುಗನ ಮುಂದೆ ಇಟ್ಟೆ. ತಪ್ಪು ನನ್ನದೂ ಹೌದು ಅಂತ ಹೇಳಿದೆ. ಕರ್ಣದ ಮೊತ್ತ ನೋಡು ಅಂದೆ. ಒಂದು ನಿಮಿಷ ನೋಡಿ ಅವನೇ 3 ಅಂದ. ರೆಕಾರ್ಡಿನಲ್ಲಿ ಈಗ ಒಂದು ಹೊಸ ಸಾಲು ಸೇರಿಸಿದ್ದೇನೆ. ಓಡಿಸುವ ಮೊದಲು ಅಂದಾಜು ಏನು, ಓಡಿಸಿದ ಮೇಲೆ ಯಾವುದರಿಂದ ಪರೀಕ್ಷಿಸಿದೆ. ಕಾಂಕ್ರೀಟ್ ಸರ್ ಅವರ ಪೆನ್ಸಿಲ್ ಇದಕ್ಕೆ ಕಾರಣ.

ಆಮೇಲೆ ಭಾಸ್ಕರಾಚಾರ್ಯರ ಲೆಕ್ಕ. ಪೈಥಾನ್ ಗುಂಪು 1 ಅಂದಿತು. ಆಕ್ಟೇವ್ ಗುಂಪು 0 ಅಂದಿತು. ಎರಡು ಗುಂಪಿಗೂ ಜೋರು ಜಗಳ. ಪೈಥಾನ್ ಗುಂಪಿನಲ್ಲೇ ಒಬ್ಬಳು ಸಂಖ್ಯೆಯ ಕೊನೆಗೆ ಚುಕ್ಕಿ ಸೊನ್ನೆ ಸೇರಿಸಿ ಟೈಪ್ ಮಾಡಿದ್ದಳು. ಅವಳಿಗೂ 0 ಬಂತು. ಆಗ ಜಗಳ ಇನ್ನೂ ಜಾಸ್ತಿ ಆಯಿತು. ಒಂದೇ ಸಾಫ್ಟ್‌ವೇರ್, ಎರಡು ಉತ್ತರ!

ನಾನು 53 ಬಿಟ್ ವಿಷಯ ಬೋರ್ಡ್ ಮೇಲೆ ಬರೆದೆ. ಪೈಥಾನ್ ಪೂರ್ಣ ಸಂಖ್ಯೆಯ ಎಲ್ಲ ಅಂಕಿಗಳನ್ನೂ ಇಡುತ್ತದೆ. ಆಕ್ಟೇವ್, ಮತ್ತು ಚುಕ್ಕಿ ಸೊನ್ನೆ ಹಾಕಿದಾಗ ಪೈಥಾನ್ ಕೂಡ, ಮೊದಲ 53 ಬಿಟ್ ಮಾತ್ರ ಇಡುತ್ತದೆ. ಇಷ್ಟು ದೊಡ್ಡ ಸಂಖ್ಯೆಗಳ ಜಾಗದಲ್ಲಿ ಆಕ್ಟೇವ್ ಇಡುವ ಸಂಖ್ಯೆಗಳು 512ಕ್ಕೆ ಒಂದರಂತೆ ಮಾತ್ರ ಇವೆ. ನಡುವೆ ಬಿದ್ದದ್ದು ಹತ್ತಿರದ್ದಕ್ಕೆ ಸರಿಯುತ್ತದೆ. ಎಕ್ಸ್ ವರ್ಗ ನಿಜವಾಗಿ 3119882982860264401. 61 ಸಲ ವೈ ವರ್ಗ 3119882982860264400. ಪೂರ್ತಿ ಅಂಕಿ ತೋರಿಸು ಅಂತ ಆಕ್ಟೇವ್‌ಗೆ ಹೇಳಿದಾಗ ಎರಡಕ್ಕೂ 3119882982860264448 ಅಂತಲೇ ಬಂತು. ಎರಡೂ ಒಂದೇ ಗೂಟಕ್ಕೆ ಹೋಗಿ ಸೇರಿದ್ದವು. ಕಳೆದರೆ 0 ಬಾರದೆ ಇನ್ನೇನು.

ಇಷ್ಟು ವಿವರಿಸಿ ತಿರುಗಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಕೈ ಎತ್ತಿದ್ದ. ಇಡೀ ಸೆಮಿಸ್ಟರ್‌ನಲ್ಲಿ ಅವನು ಮಾತಾಡಿದ್ದು ನಾನು ಕೇಳಿರಲಿಲ್ಲ. ಮೇಡಂ, ಇದಕ್ಕೆ ಬಿಟ್ ಎಲ್ಲ ಬೇಕಾಗಿಲ್ಲ ಅಂದ. ಎಕ್ಸ್‌ನ ಕೊನೆಯ ಅಂಕಿ 9. ಒಂಬತ್ತೊಂಬತ್ತಲ 81, ವರ್ಗ 1ರಲ್ಲಿ ಮುಗಿಯಬೇಕು. ವೈನ ಕೊನೆಯ ಅಂಕಿ 0, ಏನು ಗುಣಿಸಿದರೂ 0ಯಲ್ಲೇ ಮುಗಿಯುತ್ತದೆ. ಕಳೆದರೆ ಕೊನೆಯಲ್ಲಿ 1 ಬರಲೇಬೇಕು. ಸೊನ್ನೆ ಬರಲು ಸಾಧ್ಯವೇ ಇಲ್ಲ.

ಎಲ್ಲರೂ ಬೋರ್ಡ್ ನೋಡುತ್ತಿದ್ದರು. ಅವನು ಬೋರ್ಡ್ ಹತ್ತಿರ ಬಂದು ಆ ದೊಡ್ಡ ಸಂಖ್ಯೆಯ ಕೊನೆಯ 8ರ ಕೆಳಗೆ ಗೆರೆ ಎಳೆದ. ಮತ್ತೆ ಇದು ಯಾವ ಸಂಖ್ಯೆಯ ವರ್ಗವೂ ಅಲ್ಲ ಮೇಡಂ, ವರ್ಗ 8ರಲ್ಲಿ ಮುಗಿಯುವುದಿಲ್ಲ ಅಂದ.